ಏಳು ಮನೆಗೆ ಒಂದೇ ಬೇಸಿನ್

ಮೇ 6, ಮಂಗಳವಾರ

ಇದು ಮಗಳು ಬೋಸಿಯ ಹೋದ ವರ್ಷದ ಲೆಕ್ಕದ ಪುಸ್ತಕ. ಹಿಂದಿನ ಅರ್ಧ ಖಾಲಿ ಇತ್ತು. ಗಿರಾಕಿಗಳಿಗೆ ಚಪಾತಿ ಸುತ್ತಿಕೊಡಲು ಹರಿಯೋಣ ಅಂದುಕೊಂಡಿದ್ದೆ. ಆದರೆ ಇವತ್ತು ಹೊಟ್ಟೆಯಲ್ಲಿ ಎಷ್ಟು ಉರಿ ಇದೆಯೆಂದರೆ, ಯಾರಿಗಾದರೂ ಹೇಳದಿದ್ದರೆ ಇದ್ದಿಲ ಒಲೆಯೇ ಬೇಕಾಗಿಲ್ಲ, ನನ್ನ ತಲೆಯ ಮೇಲೆ ಬೀನ್ಸ್ ಬೇಯಿಸಬಹುದು. ಗಂಡನಿಗೆ ಹೇಳೋಣವೆಂದರೆ, ಒಂಬಾಟಿ ಇಡೀ ದಿನ ಬಾಡಿಗೆ ಬೈಕ್ ಓಡಿಸಿ ಬಂದವನು ನಾನು ಬಾಯಿ ತೆರೆಯುವುದರೊಳಗೆ ಗೊರಕೆ ಶುರು ಮಾಡುತ್ತಾನೆ. ಅದಕ್ಕೇ ಈ ಪುಸ್ತಕ.

ವಿಷಯ ಏನೆಂದರೆ, ಬೋಸಿಯ ಕ್ಲಾಸಿನಲ್ಲಿ ‘ಮನೆಗೆಲಸದಲ್ಲಿ ನೆರವು’ ಅಂತ ಒಂದು ಪಾಠ. ಮಗು ಮನೆಯಲ್ಲಿ ಕೆಲಸ ಮಾಡುತ್ತಿರುವ ಫೋಟೋ ತೆಗೆದು, ಬಣ್ಣದಲ್ಲಿ ಪ್ರಿಂಟ್ ಹಾಕಿಸಿ, ದಪ್ಪ ಕಾಗದಕ್ಕೆ ಅಂಟಿಸಿ ಕೊಡಬೇಕು. ಹೊಸ ಪಠ್ಯಕ್ರಮದಲ್ಲಿ ಮಾರ್ಕ್ಸ್ ಇಲ್ಲ. ಬದಲಿಗೆ ನಾಲ್ಕು ಮೆಟ್ಟಿಲು: ನಿರೀಕ್ಷೆ ಮೀರಿದೆ, ನಿರೀಕ್ಷೆ ಮುಟ್ಟಿದೆ, ನಿರೀಕ್ಷೆಗೆ ಹತ್ತಿರ, ನಿರೀಕ್ಷೆಗಿಂತ ಕೆಳಗೆ.

ಬೋಸಿ ಏಳು ವರ್ಷದವಳಿದ್ದಾಗಿನಿಂದ ನನ್ನ ಗೂಡಂಗಡಿಯ ಪಾತ್ರೆ ತೊಳೆಯುತ್ತಿದ್ದಾಳೆ. ಸಂಜೆ ಅಪ್ಪನಿಗೆ ಜೋಳದ ಹಿಟ್ಟಿನ ಉಗಾಲಿ ಮುದ್ದೆ ತೊಳಸುವವಳು ಅವಳೇ. ನಲ್ಲಿಯಿಂದ ನೀರು ಹೊರುವವಳೂ ಅವಳೇ. ಆದರೆ ಫೋಟೋ ಎಲ್ಲಿಂದ ತರುವುದು? ಒಂಬಾಟಿಯ ಫೋನಿನಲ್ಲಿ ತೆಗೆದರೆ ಯಾರಾದರೂ ಮೋಡದ ಹಾಗೆ ಕಾಣುತ್ತಾರೆ. ಅವಳು ಬರಿಗೈಲಿ ಹೋದಳು. ಒಕುಮು ಮೇಷ್ಟ್ರು ಬರೆದರು: ನಿರೀಕ್ಷೆಗಿಂತ ಕೆಳಗೆ.

ಪಕ್ಕದ ಬೆಂಚಿನ ಏಡ್ರಿಯನ್, ಅದೇ, ದೊಡ್ಡ ಗೇಟಿನೊಳಗಿನ ಫ್ಲ್ಯಾಟಿನ ಹುಡುಗ, ಮೊಣಕೈವರೆಗೆ ಹಳದಿ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದು ಲೋಟ ಹಿಡಿದು ನಿಂತ ಫೋಟೋ ಕೊಟ್ಟನಂತೆ. ನಿರೀಕ್ಷೆ ಮೀರಿದೆ!

ನಮ್ಮ ಹುಡುಗಿ ಓದಿನಲ್ಲಿ ಮಂದ. ಅದು ನನಗೆ ಮೊದಲಿನಿಂದಲೂ ಗೊತ್ತು. ಗೇಟಿನೊಳಗಿನ ಮಕ್ಕಳ ತಲೆಯೇ ಬೇರೆ, ದೇವರು ಅಲ್ಲಿಗೆ ಬೇರೆ ಮಿದುಳು ಕಳಿಸುತ್ತಾನೆ, ಅದಕ್ಕೆ ಜಗಳ ಆಡಿ ಪ್ರಯೋಜನವಿಲ್ಲ. ಆದರೆ ಪಾತ್ರೆ ತೊಳೆಯುವುದರಲ್ಲೂ ನನ್ನ ಮಗಳು ಕೆಳಗೆ ಅಂದರೆ ಹೇಗೆ ಸಹಿಸಲಿ?

ಸಂಜೆ ಅವಳು ಕತ್ತಲಾಗುವವರೆಗೂ ಪಾತ್ರೆ ತೊಳೆದಳು. ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು.

ಮೇ 9, ಶುಕ್ರವಾರ

ಆ ನಾಲ್ಕು ಮೆಟ್ಟಿಲು ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿವೆ. ಇವತ್ತಿನ ಬೀನ್ಸ್: ನಿರೀಕ್ಷೆ ಮೀರಿದೆ. ಮನೆ ಮಾಲೀಕ ಸೋರುವ ತಗಡಿಗೆ ಹಾಕಿಸಿದ ತೇಪೆ: ನಿರೀಕ್ಷೆಗಿಂತ ಕೆಳಗೆ. ಒಂಬಾಟಿ ‘ಬೇಗ ಬರ್ತೀನಿ’ ಅಂದದ್ದು: ನಿರೀಕ್ಷೆಗೆ ಹತ್ತಿರ. ಅವನಿಗೆ ಇದನ್ನು ಹೇಳಿದೆ. “ಹತ್ರ ಬಂದಿದೀನಲ್ಲ, ಅಷ್ಟು ಸಾಕು ಬಿಡೇ” ಅಂದ.

ಮೇ 15, ಗುರುವಾರ

ನಗು ನಿಂತಿದೆ. ಶಾಲೆಯಲ್ಲಿ ಬೆಂಚಿಗೆ ಐದೈದು ಮಕ್ಕಳು ಕೂರುತ್ತಿದ್ದಾರೆ. ಆಗಸ್ಟ್ ರಜೆ ಮುಗಿದ ಮೇಲೆ ಕ್ಲಾಸನ್ನು ಎರಡು ಮಾಡುತ್ತಾರಂತೆ. ‘ಎ’ ಒಕುಮು ಮೇಷ್ಟ್ರ ಹತ್ತಿರವೇ ಇರುತ್ತದೆ. ‘ಬಿ’ಗೆ ಹಳೇ ಉಗ್ರಾಣದ ಕೋಣೆ, ಪಾಠಕ್ಕೆ ಯಾರು ಸಿಕ್ಕಿದರೆ ಅವರು. ಮೇಲಿನ ತರಗತಿಯ ‘ಬಿ’ಯವರು ಈ ವರ್ಷ ಹೆಚ್ಚಾಗಿ ಕಲಿತದ್ದು ಅಂಗಳದ ಕಳೆ ಕೀಳುವುದನ್ನು, ಅದು ಇಡೀ ಬೀದಿಗೇ ಗೊತ್ತು.

ಯಾರು ಎಲ್ಲಿಗೆ ಎಂದು ನಿರ್ಧಾರವಾಗುವುದು ಜೂನ್ ಕೊನೆಗೆ ಕೊಡಬೇಕಾದ ಒಂದು ಆಲ್ಬಮ್ಮಿನಿಂದ. ಮತ್ತೆ ಅದೇ ಮನೆಗೆಲಸ! ಪಾತ್ರೆ, ಬಟ್ಟೆ, ಕಸ, ಚಪಾತಿ, ಎಲ್ಲದರ ಬಣ್ಣದ ಫೋಟೋ. ಕಡಿಮೆಯೆಂದರೂ ‘ಮುಟ್ಟಿದೆ’ ಬರಬೇಕು, ಇಲ್ಲದಿದ್ದರೆ ಉಗ್ರಾಣ.

“ನಾನು ಒಕುಮು ಮೇಷ್ಟ್ರ ಹತ್ರಾನೇ ಇರ್ಬೇಕು ಅಮ್ಮ,” ಅಂದಳು ಬೋಸಿ. “ಬೈತಾರೆ. ಆದ್ರೆ ಪಾಠ ಮಾಡ್ತಾರೆ.”

“ಪಾಠ ಮಾಡಿದ್ರೆ ನಿನ್ನ ತಲೆಗೆ ಹೋಗುತ್ತೇನೇ?”

“ಹೋಗುತ್ತೆ. ಬರ್ಕೊಳ್ಳೋಕೆ ಟೈಮ್ ಸಿಕ್ಕಿದ್ರೆ.”

ಎದುರುತ್ತರ ಬೇರೆ. ನೀರು ತರಲು ಕಳಿಸಿದೆ.

ಮೇ 17, ಶನಿವಾರ

ಇವತ್ತು ಮಧ್ಯಾಹ್ನ ನನ್ನ ಗೂಡಂಗಡಿಯ ಮುಂದೆ ಒಂದು ಬಿಳಿ ಕಾರು ನಿಂತಿತು. ಚರಂಡಿ ದಾಟಲು ಎತ್ತರದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಇಳಿದವರು ಏಡ್ರಿಯನ್ ಅಮ್ಮ. ಹಿಂದೆ ಏಡ್ರಿಯನ್, ಸಂತೆಗೆ ಬಂದ ಕುರಿಮರಿಯ ಹಾಗೆ.

“ಬೋಸಿ ಅಮ್ಮ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು ಕಣ್ರೀ.”

“ಚಪಾತಿ ಎಷ್ಟು ಕಟ್ಲಿ?”

“ಚಪಾತಿ ಅಲ್ಲ. ಆ ಆಲ್ಬಮ್ಮು... ನಮ್ಮನೇಲಿ ಪಾತ್ರೆ, ಬಟ್ಟೆ ಎಲ್ಲಾ ಮಿಷಿನ್ನೇ ತೊಳೆಯುತ್ತೆ. ಇವನನ್ನ ಮಿಷಿನ್ ಪಕ್ಕ ನಿಲ್ಸಿ ಫೋಟೋ ಕಳಿಸ್ದೆ. ಮೇಷ್ಟ್ರು ವಾಪಸ್ ಕಳಿಸಿದ್ರು, ಮಗು ಕೈಯಲ್ಲಿ ಮಾಡ್ಬೇಕಂತೆ. ಅದಕ್ಕೇ ನಿಮ್ಮ ಬೇಸಿನ್ ಹತ್ರ ಎರಡು ನಿಮಿಷ ಕೂರಿಸ್ಲಾ? ದುಡ್ಡು ಎಷ್ಟು ಅಂತ ಹೇಳಿ.”

ನನ್ನ ಮನಸ್ಸು ಕುಣಿಯಿತು. ಆದರೂ ಮುಖ ಬಿಗಿಹಿಡಿದು ಬೀನ್ಸ್ ತಿರುವಿದೆ. ದುಡ್ಡು ಇವತ್ತು ಬಂದು ನಾಳೆ ಹೋಗುತ್ತದೆ. ನನಗೆ ಬೇಕಾದದ್ದು ಬೇರೆ.

“ದುಡ್ಡು ಬೇಡ. ನಂದು ಎರಡು ಮಾತು. ಒಂದು, ಫೋಟೋ ತೆಗೆದ ತಕ್ಷಣ ಎದ್ದು ಹೋಗಂಗಿಲ್ಲ, ಇಲ್ಲಿರೋ ಪಾತ್ರೆ ಪೂರ್ತಿ ತೊಳೆದೇ ಹೋಗ್ಬೇಕು. ಎರಡು, ನಮ್ಮ ಬೋಸಿ ಫೋಟೋನೂ ನೀವೇ ತೆಗೆದು, ಅದೇ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸ್ಕೊಡ್ಬೇಕು.”

ಅವರು ಪಾತ್ರೆಯ ರಾಶಿ ನೋಡಿದರು. ಮಗನ ಕೈ ನೋಡಿದರು. “ಆಗ್ಲಿ. ಆದ್ರೆ ಇದು ನಮ್ಮಿಬ್ರಲ್ಲೇ ಇರ್ಲಿ.”

ಬೋಸಿ ಅವನಿಗೆ ಸ್ಪಂಜು ಹಿಡಿಯುವುದನ್ನು ಹೇಳಿಕೊಟ್ಟಳು. ಮೊದಲ ತಟ್ಟೆಗೇ ಅರ್ಧ ಸಾಬೂನು ಖರ್ಚು ಮಾಡಿದ. ಬಡ್ಡಿಮಗ, ಕೊನೆಗೆ ಖುಷಿಯಿಂದಲೇ ತೊಳೆದ ಅನ್ನಿ.

ಮೇ 24, ಶನಿವಾರ

‘ನಮ್ಮಿಬ್ರಲ್ಲೇ’ ಅಂದದ್ದು ಒಂದು ವಾರವೂ ಉಳಿಯಲಿಲ್ಲ. ಇವತ್ತು ನಾಲ್ಕು ಕಾರು, ನಾಲ್ಕು ಮಕ್ಕಳು. ಚರಂಡಿಯ ಪಕ್ಕ ಅಷ್ಟು ಕಾರು ನಿಂತದ್ದು ನೋಡಿ, ಯಾರಾದರೂ ಹೋಗಿಬಿಟ್ಟರಾ ಅಂತ ಕೇಳಿಕೊಂಡು ಬಂದವರೂ ಇದ್ದರು.

ನನ್ನ ಗೂಡಂಗಡಿಯ ತುಕ್ಕು ಹಿಡಿದ ತಗಡು ಫೋಟೋದಲ್ಲಿ ಕಾಣಬಾರದೆಂದು ಏಡ್ರಿಯನ್ ಅಮ್ಮ ಮನೆಯಿಂದ ಹೂವಿನ ಪರದೆ ತಂದು ಹಿಂದೆ ಕಟ್ಟಿದರು. ದೊಡ್ಡ ದೊಡ್ಡ ಕೆಂಪು ಹೂವು. ಅದರ ಮುಂದೆ ನನ್ನ ನೀಲಿ ಪ್ಲಾಸ್ಟಿಕ್ ಬೇಸಿನ್. ಹೋದ ವರ್ಷ ಬೇಸಿನ್ ಸೀಳಿದಾಗ ಒಂಬಾಟಿ ಕೆಂಪು ಜಗ್ಗಿನ ಹಿಡಿಕೆ ಕರಗಿಸಿ ಬೆಸುಗೆ ಹಾಕಿದ್ದ. ಅದು ಗಟ್ಟಿಯಾಗಿ ಹಲ್ಲಿಯ ಆಕಾರಕ್ಕೆ ಕೂತಿದೆ, ಬಾಲ ಸಮೇತ. ಆ ಹಲ್ಲಿಯನ್ನು ಯಾರೂ ಗಮನಿಸಲಿಲ್ಲ. ಪರದೆಯ ಮುಂದೆ ನನ್ನ ಅಡುಗೆಮನೆ ಟೀವಿಯಲ್ಲಿ ಬರುವವರ ಅಡುಗೆಮನೆಯ ಹಾಗಿತ್ತು. ನಾನೇ ಒಂದು ಗಳಿಗೆ ಅಸೂಯೆ ಪಟ್ಟೆ.

ಪಾತ್ರೆ ನಾಲ್ಕು ಗಂಟೆಗೇ ಮುಗಿದವು. ಜೀವಮಾನದಲ್ಲಿ ಮೊದಲ ಬಾರಿಗೆ ಸಂಜೆ ಕಾಲು ಚಾಚಿ ಕೂತೆ.

ಜೂನ್ 7, ಶನಿವಾರ

ಈಗ ಏಳು ಮಕ್ಕಳು. ಇವತ್ತು ಚಪಾತಿಯ ಪಾಳಿ. ನನಗೆ ಗಿರಾಕಿಗಳ ಗಲಾಟೆ, ಆದ್ದರಿಂದ ಬೋಸಿಯೇ ಯಜಮಾನಿ. ಲಟ್ಟಣಿಗೆ ಹಿಡಿದು ಓಡಾಡುತ್ತಾ, “ಹಿಟ್ಟನ್ನ ಹೊಡೀಬೇಡ, ಅದು ನಿನಗೇನು ಮಾಡಿದೆ? ನಾದು!” ಅನ್ನುತ್ತಿದ್ದಳು. ಒಂದು ಮಗು ಹಿಟ್ಟು ತಲೆಗೆ ಮೆತ್ತಿಕೊಂಡು ಮನೆಗೆ ಹೋಯಿತು. ಏಡ್ರಿಯನ್ ಚಪಾತಿ ಉದ್ದಕ್ಕೆ ಬಂತು, ಚಪ್ಪಲಿಯ ಅಟ್ಟೆಯ ಹಾಗೆ. ಬಿಸಾಡಲು ಮನಸ್ಸಾಗದೆ ಒಂಬಾಟಿಗೆ ಹಾಕಿದೆ.

ಆದರೆ ನನಗೆ ಸಿಟ್ಟು ಬಂದದ್ದು ಆಮೇಲೆ. ಅವರು ಪಾತ್ರೆ ತೊಳೆಯುತ್ತಿದ್ದರೆ ಇವಳು ಏಡ್ರಿಯನ್ ತಂದ ಕಥೆಪುಸ್ತಕ ಹಿಡಿದು ಇದ್ದಿಲ ಚೀಲದ ಮೇಲೆ ಕೂತಿದ್ದಾಳೆ! ಬೈದೆ. ತಲೆ ಎತ್ತಲಿಲ್ಲ. ಪುಸ್ತಕ ಕಿತ್ತುಕೊಂಡು, “ಇದು ನಿನಗೆ ಅರ್ಥ ಆಗುತ್ತೇನೇ?” ಅಂದೆ. ಓದಿದ್ದಷ್ಟನ್ನೂ ಹೇಳಿದಳು. ಒಂದು ಮೊಸಳೆ ಚುನಾವಣೆಗೆ ನಿಲ್ಲುವ ಕಥೆ. ನಿಂತು ಕೇಳಿಬಿಟ್ಟೆ. ಬೀನ್ಸ್ ತಳ ಹಿಡಿಯಿತು.

ಮಲಗುವಾಗ ಕೇಳಿದೆ, ಆ ಹುಡುಗನಿಗೆ ಹೇಗೆ ಎಲ್ಲಾ ಬರುತ್ತೆ ಅಂತ.

“ಅವನಿಗೆ ಟೇಬಲ್ ಇದೆ ಅಮ್ಮ.”

“ಟೇಬಲ್ ಏನು ಪಾಠ ಹೇಳಿಕೊಡುತ್ತಾ?”

“ಇಲ್ಲ. ಪಾಠಕ್ಕೆ ಒಬ್ರು ಅಣ್ಣ ಬರ್ತಾರೆ. ಅವನಿಗೆ ಒಂದ್ಸಲ ಅರ್ಥ ಆಗಿಲ್ಲಾಂದ್ರೆ ನಾಲ್ಕು ಸಲ ಹೇಳ್ತಾರೆ. ನಂಗೆ ಒಂದೇ ಸಲ.”

ಏನೋ ಹೇಳುತ್ತಾಳೆ, ಮಕ್ಕಳ ಮಾತು.

ಜೂನ್ 12, ಗುರುವಾರ

ಗಿರಾಕಿಗಳ ಜೊತೆ ಜಗಳ. ಸಂಜೆ ಅಂಗಡಿಯ ಬೆಂಚನ್ನು ಬೋಸಿಗೆ ಬಿಡಿಸಿ ಅವರನ್ನೆಲ್ಲ ನೀರಿನ ಕ್ಯಾನುಗಳ ಮೇಲೆ ಕೂರಿಸಿದ್ದಕ್ಕೆ ಗೊಣಗುತ್ತಾರೆ. “ಬೋಸಿ ಅಮ್ಮ, ಬೆಂಚೇನು ನಿನ್ನ ಮಗಳ ಆಸ್ತಿಯಾ?” ಅಂದ ಒಬ್ಬ. “ಹೌದು, ನಿಂತ್ಕೊಂಡು ತಿನ್ನು, ಜೀರ್ಣ ಆಗುತ್ತೆ,” ಅಂದೆ. ಬಲ್ಬನ್ನೂ ಒಲೆಯ ಮೇಲಿಂದ ತೆಗೆದು ಬೆಂಚಿನ ಮೇಲೆ ಕಟ್ಟಿದೆ. ಕತ್ತಲಲ್ಲಿ ಎರಡು ಚಪಾತಿ ಕರಿಯಾದವು. ಚಪಾತಿ: ನಿರೀಕ್ಷೆಗಿಂತ ಕೆಳಗೆ. ಈ ವಾರ ನೀರು ಹೊತ್ತು ಭುಜ ಬೇರೆ ಹಿಡಿದುಕೊಂಡಿದೆ. ಯಾಕೋ ಸುಸ್ತು.

ಜೂನ್ 27, ಶುಕ್ರವಾರ

ಆಲ್ಬಮ್ ಕೊಟ್ಟಾಯಿತು. ಏಡ್ರಿಯನ್ ಅಮ್ಮ ಮಾತು ಉಳಿಸಿಕೊಂಡರು, ಆದರೆ ಕೊನೆಯ ದಿನ. ಉಳಿದವರೆಲ್ಲ ಕೊಟ್ಟ ಮೇಲೆ ಬೋಸಿಯದು ಹೋಯಿತು. ಹೋದರೇನು, ಎಂಥ ಕಾಗದ! ಬೆರಳಿಟ್ಟರೆ ಜಾರುತ್ತದೆ. ಹೂವಿನ ಪರದೆಯ ಮುಂದೆ ಬೋಸಿ ರಾಣಿಯ ಹಾಗೆ ಪಾತ್ರೆ ತೊಳೆಯುತ್ತಿದ್ದಾಳೆ. ಈ ಸಲ ‘ಮೀರಿದೆ’ಗೆ ಕಡಿಮೆ ಬಂದರೆ ನನ್ನ ಹೆಸರು ಕ್ವಾಂಬೋಕ ಅಲ್ಲ.

ಜುಲೈ 1, ಮಂಗಳವಾರ

ನಿರೀಕ್ಷೆಗಿಂತ ಕೆಳಗೆ.

ಕೆಳಗೆ ಕೆಂಪು ಶಾಯಿಯಲ್ಲಿ: ‘ಬೇರೆಯವರ ಅಡುಗೆಮನೆಯಲ್ಲಿ ತೆಗೆಸಿದ ಫೋಟೋಗಳು. ಸ್ವಂತ ಕೆಲಸವಲ್ಲ.’

ಉಳಿದ ಏಳು ಜನಕ್ಕೂ ‘ಮೀರಿದೆ’.

ಬೋಸಿ ಅಳಲಿಲ್ಲ. ಬೆಂಚಿನ ಮೇಲಿಂದ ತನ್ನ ಪುಸ್ತಕಗಳನ್ನು ಎತ್ತಿಟ್ಟು, ಬೇಸಿನ್ನಿನ ಮುಂದೆ ಹೋಗಿ ಕೂತು, ಪಾತ್ರೆ ತೊಳೆಯಲು ಶುರು ಮಾಡಿದಳು. ಅದನ್ನು ನೋಡಲಾಗಲಿಲ್ಲ. ಒಳಗೆ ಹೋಗಿ ಈರುಳ್ಳಿ ಹೆಚ್ಚಿದೆ. ಈರುಳ್ಳಿ ಬೇಕಾಗಿರಲಿಲ್ಲ.

ಜುಲೈ 2, ಬುಧವಾರ

ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಬೇಸಿನ್ ತಲೆಯ ಮೇಲಿಟ್ಟುಕೊಂಡು ಹೊರಟೆ. ಬೋಸಿ ದಾರಿಯುದ್ದಕ್ಕೂ ನನ್ನ ಸ್ಕರ್ಟ್ ಎಳೆದಳು.

“ಅಮ್ಮ, ಅವರ ಹೆಸರು ಹೇಳ್ಬೇಡ. ಏಡ್ರಿಯನ್ ನನ್ನ ಫ್ರೆಂಡು.”

“ನಾನ್ಯಾಕೆ ಹೇಳ್ಲಿ? ಬೇಸಿನ್ ಹೇಳುತ್ತೆ.”

ಒಕುಮು ಮೇಷ್ಟ್ರು ತೆಳ್ಳಗಿನ ಮನುಷ್ಯ, ಮುಂದೆ ಆಲ್ಬಮ್ಮುಗಳ ಗೋಪುರ. ನನ್ನನ್ನು ನೋಡಿ ಎದ್ದು ನಿಂತರು. ಬೇಸಿನ್ನನ್ನು ಅವರ ಮೇಜಿನ ಮೇಲೆ ದಬಾಕಿದೆ.

“ಏನಮ್ಮಾ ಇದು?”

“ಬೇರೆಯವರ ಅಡುಗೆಮನೆ, ಮೇಷ್ಟ್ರೇ. ಹೊತ್ಕೊಂಡು ಬಂದೆ. ಪರದೆ ಮಾತ್ರ ನಂದಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಕೆಂಪು ಹಲ್ಲಿಯನ್ನು ಬೆರಳಿಟ್ಟು ತೋರಿಸಿದೆ. ಅವರು ಬೋಸಿಯ ಆಲ್ಬಮ್ ತೆಗೆದರು, ಹಲ್ಲಿ ಇತ್ತು. ಏಡ್ರಿಯನ್ ಆಲ್ಬಮ್ ತೆಗೆದರು, ಹಲ್ಲಿ. ಇನ್ನೊಂದು, ಮತ್ತೊಂದು, ಬಾಲ ಸಮೇತ ಹಲ್ಲಿ. ಮೇಷ್ಟ್ರು ಮೆಲ್ಲಗೆ ಕುರ್ಚಿಯಲ್ಲಿ ಕೂತರು.

“ಏಳು ಮನೆಗೆ ಒಂದೇ ಬೇಸಿನ್ನಾ?”

“ಇವಳದೂ ಸೇರಿ ಎಂಟು. ಎಂಟರಲ್ಲಿ ಬೇಸಿನ್ನಿನ ಒಡತಿಗೇ ನೀವು ಕಳ್ಳಿ ಅಂದ್ರಿ.”

“ಅಲ್ಲಮ್ಮಾ, ಹೋದ ಸಲ ಈ ಹುಡುಗಿ ಹತ್ರ ಒಂದು ಫೋಟೋನೂ ಇರ್ಲಿಲ್ಲ. ಈ ಸಲ ಇಂಥ ಕಾಗದ, ಇಂಥ ಪರದೆ. ನಾನು ಅಂದ್ಕೊಂಡೆ...” ಅಷ್ಟಕ್ಕೆ ನಿಲ್ಲಿಸಿದರು.

ಅವರು ಏನು ಅಂದುಕೊಂಡರೆಂದು ನನಗೆ ಗೊತ್ತು: ಚೆನ್ನಾಗಿರುವುದೆಲ್ಲ ಗೇಟಿನೊಳಗಿನವರದು. ಬೈಯಲು ಬಾಯಿ ತೆರೆದೆ. ಆದರೆ ನಾನೂ ಅದನ್ನೇ ಅಂದುಕೊಂಡು ಹತ್ತು ವರ್ಷ ಆಗಿದೆಯಲ್ಲ ಅಂತ ಎಲ್ಲೋ ಚುಚ್ಚಿತು. ಬೈಯುವ ಬದಲು ಬೇಸಿನ್ ಎತ್ತಿ ಸೊಂಟಕ್ಕಿಟ್ಟುಕೊಂಡೆ.

“ಹಾಗಾದ್ರೆ ಆ ಏಳು ಜನಕ್ಕೂ ‘ಕೆಳಗೆ’ ಹಾಕ್ಬೇಕಾಗುತ್ತೆ,” ಅಂದರು ಮೇಷ್ಟ್ರು. ಹಾಕಿ ಅನ್ನೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೋಸಿ ಅಂದಳು, “ಸರ್, ಅವರು ನಿಜವಾಗ್ಲೂ ಕಲ್ತಿದಾರೆ. ಬೇಕಿದ್ರೆ ನೋಡಿ.”

ಮೇಷ್ಟ್ರು ಗಡ್ಡ ಕೆರೆದುಕೊಂಡರು. “ನೋಡೇ ಬಿಡೋಣ. ಶುಕ್ರವಾರ, ಅಂಗಳದಲ್ಲಿ, ನನ್ನ ಕಣ್ಣೆದುರು. ಎಂಟೂ ಜನ. ಫೋನು ಗೀನು ಬೇಡ.”

ಜುಲೈ 3, ಗುರುವಾರ

ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಬೆಂಕಿ ಬಿದ್ದಿದೆ. ಒಂಬಾಟಿಯ ಫೋನು ಕುಣಿದು ಕುಣಿದು ಮಂಚದಿಂದ ಬಿತ್ತು. ಏಡ್ರಿಯನ್ ಅಮ್ಮ ಚರಂಡಿ ದಾಟುವಾಗ ಚಪ್ಪಲಿ ಬಿಚ್ಚುವುದನ್ನೂ ಮರೆತು ಓಡಿಬಂದರು. “ಬೋಸಿ ಅಮ್ಮ, ಇವತ್ತೊಂದಿನ ಸ್ಪೆಷಲ್ ಕ್ಲಾಸ್ ಮಾಡ್ರೀ, ದಮ್ಮಯ್ಯ!”

“ಟೀಚರ್ ನಾನಲ್ಲ. ಅಲ್ಲಿ ಬೆಂಚಿನ ಮೇಲೆ ಕೂತಿದಾರೆ ನೋಡಿ, ಅವರನ್ನ ಕೇಳಿ.”

ಬೋಸಿ ಪುಸ್ತಕದಿಂದ ತಲೆ ಎತ್ತಿ, “ಆರು ಗಂಟೆಗೆ ಬರ್ಲಿ ಆಂಟಿ. ಉಗುರು ಕತ್ತರಿಸ್ಕೊಂಡು,” ಅಂದಳು. ನಾನು ಬೀನ್ಸ್ ಪಾತ್ರೆಯೊಳಗೆ ಮುಖ ಹಾಕಿ ನಕ್ಕೆ.

ಜುಲೈ 4, ಶುಕ್ರವಾರ

ಅಂಗಳದಲ್ಲಿ ನನ್ನ ಒಲೆ, ನನ್ನ ಹೆಂಚು, ನನ್ನ ಬೇಸಿನ್. ಸುತ್ತ ಇಡೀ ಶಾಲೆ. ಏಳು ಅಮ್ಮಂದಿರು ಬೇಲಿಯಾಚೆ, ಫೋನಿಲ್ಲದೆ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಮೇಷ್ಟ್ರು ಸ್ಟೂಲ್ ಹಾಕಿಕೊಂಡು ಕೂತರು.

ಹೇಳಬಾರದು, ಆ ಮಕ್ಕಳು ಚೆನ್ನಾಗಿ ಮಾಡಿದವು. ನಾದಿದವು, ಸುರುಳಿ ಸುತ್ತಿದವು, ಲಟ್ಟಿಸಿದವು. ಏಡ್ರಿಯನ್ ಚಪಾತಿ ಗುಂಡಗೆ ಉಬ್ಬಿತು. ಬೇಲಿಯಾಚೆ ಅವರಮ್ಮ ಎಂಥ ಕೂಗು ಹಾಕಿದರೆಂದರೆ ಕಾವಲುಗಾರ ಓಡಿಬಂದ. ಮೇಷ್ಟ್ರು ಒಬ್ಬೊಬ್ಬರನ್ನೇ, “ಯಾರು ಕಲಿಸಿದ್ದು?” ಅಂತ ಕೇಳಿದರು. “ಬೋಸಿ.” “ಬೋಸಿ, ಸರ್.” ಎಲ್ಲರದೂ ಒಂದೇ ಉತ್ತರ.

ಬೋಸಿ ಎಲ್ಲಿ? ಒಬ್ಬನ ಹಿಟ್ಟಿಗೆ ನೀರು ಹೆಚ್ಚಾಗಿದೆ ಅಂತ ಅಲ್ಲಿ, ಇನ್ನೊಬ್ಬಳ ತೋಳು ಮಡಿಸಲು ಇಲ್ಲಿ. ಕೊನೆಗೆ ತನ್ನದನ್ನೂ ಹೆಂಚಿಗೆ ಹಾಕಿದಳು, ಹಾಕಿ ಮತ್ತೆ ಯಾರಿಗೋ ಹೇಳಿಕೊಡಲು ತಿರುಗಿದಳು. ಹೊಗೆ ಎದ್ದಿತು. ನನ್ನ ಮಗಳ ಚಪಾತಿ, ಚಪಾತಿ ಮಾರಿಯೇ ಬದುಕುವವಳ ಮಗಳ ಚಪಾತಿ, ಇಡೀ ಶಾಲೆಯ ಮುಂದೆ ಇದ್ದಿಲಾಯಿತು!

ನಾಚಿಕೆಯಾಗಬೇಕಿತ್ತು. ಯಾಕೋ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಅದು ಹೊಗೆಗೂ ಇರಬಹುದು.

ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಏಳು ಜನರ ‘ಮೀರಿದೆ’ ಹಾಗೆಯೇ ಉಳಿಯಿತು. ಬೋಸಿಯ ಆಲ್ಬಮ್ಮಿನಲ್ಲಿ ‘ಸ್ವಂತ ಕೆಲಸವಲ್ಲ’ ಅನ್ನುವುದನ್ನು ಹೊಡೆದುಹಾಕಿ, ‘ನಿರೀಕ್ಷೆ ಮುಟ್ಟಿದೆ’ ಅಂತ ಬರೆದರು.

“ಬರೀ ಮುಟ್ಟಿದೆಯಾ ಮೇಷ್ಟ್ರೇ?”

“ಚಪಾತಿ ಸುಟ್ಟೋಯ್ತಲ್ಲಮ್ಮಾ.”

“ಅಷ್ಟೂ ಜನಕ್ಕೆ ಕಲಿಸ್ತಾ ಸುಟ್ಟಿದ್ದು.”

“ಗೊತ್ತು. ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಕೂಗಿದ್ರೂ ಈ ಏಳು ಜನ ಒಂದು ಕಡೆ ಕೂರಲ್ಲ. ಆದ್ರೆ ಕಲಿಸಿದ್ದಕ್ಕೆ ಅಂತ ಫಾರಮ್ಮಲ್ಲಿ ಜಾಗ ಇಲ್ಲಮ್ಮಾ. ಚಪಾತಿಗಿದೆ.”

ಕಲಿತವರು ಮೀರಿದರಂತೆ, ಕಲಿಸಿದವಳು ಮುಟ್ಟಿದಳಂತೆ. ಇದೆಂಥ ಲೆಕ್ಕವೋ! ಆ ಸುಟ್ಟ ಚಪಾತಿಯನ್ನು ಮೇಷ್ಟ್ರ ಮೇಜಿನ ಮೇಲೇ ಬಿಟ್ಟುಬಂದೆ. ತಿನ್ನಲಿ.

ಜುಲೈ 25, ಶುಕ್ರವಾರ

ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಏಡ್ರಿಯನ್, ‘ಎ’. ಬೋಸಿಬೋರಿ ಒಂಬಾಟಿ, ‘ಎ’, ಕಟ್ಟಕಡೆಯ ಹೆಸರು. ಇನ್ನೊಂದು ಹೆಸರು ಹೆಚ್ಚಿದ್ದರೆ ಉಗ್ರಾಣಕ್ಕೆ ಬೀಳುತ್ತಿದ್ದಳು. ನಮ್ಮ ಬೀದಿಯ ಎಷ್ಟೋ ಮಕ್ಕಳ ಹೆಸರು ‘ಬಿ’ಯಲ್ಲಿದೆ. ಅವರ ಅಮ್ಮಂದಿರು ಪಟ್ಟಿ ನೋಡಿ ಸುಮ್ಮನೆ ಕೆಲಸಕ್ಕೆ ಹೋದರು, ನಾನು ಮೇ ತಿಂಗಳಲ್ಲಿ ಹೋದ ಹಾಗೆ. ಅದು ನೋಡಿ ಖುಷಿ ಅರ್ಧಕ್ಕೆ ನಿಂತಿತು. ರಜೆಯಲ್ಲಿ ಆ ಮಕ್ಕಳನ್ನೂ ಸಂಜೆ ಇಲ್ಲಿಗೆ ಕಳಿಸಿ ಅಂತ ಹೇಳಿದ್ದೇನೆ. ಗಿರಾಕಿಗಳು ನಿಂತು ತಿನ್ನಲಿ, ಜೀರ್ಣ ಆಗುತ್ತೆ.

ಜುಲೈ 26, ಶನಿವಾರ

ಕಾರುಗಳು ಈಗ ಬರುವುದಿಲ್ಲ, ಆಲ್ಬಮ್ ಮುಗಿಯಿತಲ್ಲ. ಏಡ್ರಿಯನ್ ಮಾತ್ರ ಬಂದ, ಕೈಯಲ್ಲಿ ಮೊಸಳೆಯ ಎರಡನೇ ಪುಸ್ತಕ. ಮೊಸಳೆ ಚುನಾವಣೆ ಗೆದ್ದಿತಂತೆ. ಇಬ್ಬರೂ ಬೆಂಚಿನ ಮೇಲೆ ಕೂತು ಕಿತ್ತಾಡಿಕೊಂಡು ಓದುತ್ತಿದ್ದಾರೆ.

ಪಾತ್ರೆ ರಾಶಿ ಬಿದ್ದಿತ್ತು. “ಬೋಸೀ!” ಅಂತ ಅಭ್ಯಾಸಬಲದಿಂದ ಕೂಗಿದೆ. ಅವಳು ಎದ್ದಳು. “ಕೂತ್ಕೋ, ಯಾರು ಕರೆದ್ರು ನಿನ್ನ?” ಅಂತ ಗದರಿ ನಾನೇ ತೊಳೆದೆ. ನೀರು ತಣ್ಣಗೆ ಕೊರೆಯುತ್ತಿತ್ತು. ಹಲ್ಲಿಯ ಬಾಲದ ಹತ್ತಿರ ಮತ್ತೆ ಸೋರಲು ಶುರುವಾಗಿದೆ.

ಇವತ್ತಿನ ಬೀನ್ಸ್: ನಿರೀಕ್ಷೆ ಮುಟ್ಟಿದೆ.
ಒಂಬಾಟಿ: ನಿರೀಕ್ಷೆಗೆ ಹತ್ತಿರ. ಗೊರಕೆ: ನಿರೀಕ್ಷೆ ಮೀರಿದೆ.
ಬೇಸಿನ್: ನಿರೀಕ್ಷೆಗಿಂತ ಕೆಳಗೆ.
ಕ್ವಾಂಬೋಕ:

ಜುಲೈ 27, ಭಾನುವಾರ

ನಿನ್ನೆ ಬರೆಯುತ್ತಲೇ ನಿದ್ದೆ ಬಂದಿತ್ತು. ಬೆಳಿಗ್ಗೆ ನೋಡಿದರೆ ನನ್ನ ಹೆಸರಿನ ಮುಂದೆ ಯಾರೋ ಕೆಂಪು ಪೆನ್ಸಿಲಿನಲ್ಲಿ ‘ನಿರೀಕ್ಷೆ ಮೀರಿದೆ’ ಅಂತ ಬರೆದು, ಮೇಷ್ಟ್ರ ಹಾಗೆ ಕೆಳಗೆ ಎರಡು ಗೆರೆ ಎಳೆದಿದ್ದಾರೆ.

ಹೇಳದೆ ಕೇಳದೆ ನನ್ನ ಪುಸ್ತಕ ಮುಟ್ಟಿದ್ದಕ್ಕೆ ಚೆನ್ನಾಗಿ ಬೈದೆ. ಅಳಿಸಲು ಹೋಗಲಿಲ್ಲ.